ಹೊಗಿ ಕುಡಿದು ಅಮೇರಿಕಾ ಶ್ರೀಮಂತ ಆತು ಅನ್ನೋರಿಗೆ

ಉಳ್ಳಾಗಡ್ಡಿಗೆ ಎರಡನೇ ಸಲ ಗೊಬ್ಬರ ಹಾಕೋದೈತಿ, ಅದರ ಬಗ್ಗೆ ಬರೀಬೇಕಂತ ಕುಂತಿದ್ದೆ. ಆದರೆ ಒಂದು ತಿಂಗಳಿಂದ ಒಂದು ಮಾತು ತಲ್ಯಾಗ ಕೊರೀಲಿಕ್ಕೆ ಹತ್ತೈತಿ. ಅದನ್ನ ಇಳಿಸಿದ ಮ್ಯಾಲೆನೇ ಗೊಬ್ಬರ. ಉದ್ದ ಆಗ್ತೈತಿ, ಪುರುಸೊತ್ತಿದ್ದೋರು ಓದ್ರಿ.

ಹೋದ ತಿಂಗಳು ಕೊಪ್ಪಳದಾಗ ಬೀಗರ ಮನೆಯ ವಾಸ್ತುಶಾಂತಿ ಇತ್ತು. ಬೇವೂರಿನಿಂದ ನಾವು ಐದು ಮಂದಿ ಹೋಗಿದ್ದೆವು. ಊಟಕ್ಕೆ ಕುಂತಾಗ ಮಾತು ಉಕ್ಕಿನ ಕಾರ್ಖಾನೆಗೆ ಬಂತು. ಕೊಪ್ಪಳದಾಗ ನಾಲ್ಕು ಮಂದಿ ಕೂಡಿದಲ್ಲಿ ಈಗ ಮಾತು ಅಲ್ಲಿಗೇ ಬರೋದು. 2025ರ ಫೆಬ್ರವರಿ 24ಕ್ಕೆ ಊರಿಗೆ ಊರೇ ಬಂದ್ ಆಗಿ, ಗವಿಮಠದ ಅಜ್ಜಾರೇ ಜನರ ಜೊತೆ ನಿಂತು ಮಾತಾಡಿದ ಮ್ಯಾಲಂತೂ ಪರ ಒಬ್ಬರು, ವಿರೋಧ ಒಬ್ಬರು, ಸುಮ್ಮನಿರೋರು ಯಾರೂ ಇಲ್ಲ.

ಬೀಗರ ಪೈಕಿ ಒಬ್ಬರು ಎಂಜಿನಿಯರ್ ಆಗಿ ರಿಟೈರ್ ಆದವರು ಅದಾರ. ಮಗ ಅಮೇರಿಕಾದಾಗ. ಅವರು ಹೋಳಿಗಿಗೆ ತುಪ್ಪ ಹಾಕಿಸಿಕೊಳ್ತಾ ಹೇಳಿದರು: "ಯಜಮಾನ್ರ, ನೀವು ರೈತರು ಬರೇ ಧೂಳು ನೋಡ್ತೀರಿ. ಅಮೇರಿಕಾ ಹೆಂಗ ಶ್ರೀಮಂತ ಆತು ಗೊತ್ತೈತೇನು? ನೂರು ವರ್ಷ ಹೊಗಿ ಕುಡಿದು ಆತು. ಒಂದು ತಲಿಮಾರು ತಡ್ಕೊಂಡ್ರ ಸಾಕು, ಮುಂದಿನ ತಲಿಮಾರು ಕಾರಿನ್ಯಾಗ ಅಡ್ಡಾಡ್ತೈತಿ."

ಒಳ್ಳೆ ಮನುಷ್ಯ. ನನ್ನ ಹೆಂಡತಿ ದವಾಖಾನಿಗೆ ಬಿದ್ದಾಗ ತಮ್ಮ ಕಾರಿನ್ಯಾಗೇ ಹುಬ್ಬಳ್ಳಿಗೆ ಮುಟ್ಟಿಸಿದವರು. ಅದಕ್ಕೇ ನಾನು ಅವತ್ತು ಬಾಯಿ ತೆರೀಲಿಲ್ಲ. ಇನ್ನೊಂದು ಕಾರಣ, ನನ್ನ ಹತ್ತಿರ ಉತ್ತರ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಗ ಅಮೇರಿಕಾದ ಇತಿಹಾಸ ಎಲ್ಲಿಂದ ಬರಬೇಕು. ಆದರೆ ಅವರು ಆ ಮಾತು ಹೇಳುವಾಗ ನನ್ನ ಎಡಕ್ಕೆ ನನ್ನ ಅಕ್ಕನ ಮಗ ಕುಂತಿದ್ದ. ಗಿಣಿಗೇರಿ ಕಡೆ ಒಂದು ಕಾರ್ಖಾನೆಯಾಗ ಗುತ್ತಿಗೆ ಮ್ಯಾಲೆ ದುಡೀತಾನ, ವಯಸ್ಸು 28. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದ. ತುತ್ತು ಕೈಯಾಗ ಹಿಡಕೊಂಡೇ ತೂಕಡಿಸ್ತಾ ಇದ್ದ. "ಒಂದು ತಲಿಮಾರು ತಡ್ಕೊಂಡ್ರ ಸಾಕು" ಅಂದದ್ದು ಯಾರಿಗೆ ಅಂತ ಅವಾಗ ಹೊಳೀತು.

ನನ್ನ ಮಗಳು ಅರ್ಥಶಾಸ್ತ್ರದಾಗ ಎಂಎ ಮಾಡ್ಯಾಳ. ಆಕಿಗೆ ಫೋನ್ ಮಾಡಿ ಕೇಳಿದೆ, ಅಮೇರಿಕಾ ಹೆಂಗ ಶ್ರೀಮಂತ ಆತವ್ವಾ ಹೇಳು. ಒಂದು ತಿಂಗಳು ದಿನಾ ರಾತ್ರಿ ಫೋನಿನ್ಯಾಗ ಪಾಠ ನಡೀತು. ಆಕಿ ಹೇಳಿದ್ದನ್ನ ನಾನು ನನ್ನ ಬುದ್ಧಿಗೆ ತಿಳಿದಂಗ ಬರೀತೀನಿ. ಕೊಂಕು ನಂದು, ಲೆಕ್ಕ ಆಕಿದು.

ಮೊದಲು ಬೀಗರು ಹೇಳಿದ್ದರಾಗ ನಿಜ ಎಷ್ಟು ಐತಿ ಅಷ್ಟು ಒಪ್ಪಿಕೊಂಡು ಬಿಡ್ತೀನಿ. 1865ರಾಗ ಅವರ ಒಳಗಿನ ಯುದ್ಧ ಮುಗೀತು. ಅಲ್ಲಿಂದ 25 ವರ್ಷದೊಳಗ ಉಕ್ಕು ತಯಾರಿಸೋದ್ರಾಗ ಇಂಗ್ಲೆಂಡನ್ನೇ ದಾಟಿದರು. ರೈಲು ಈ ಸಮುದ್ರದಿಂದ ಆ ಸಮುದ್ರಕ್ಕ ಮುಟ್ಟಿತು. ಹಿಟ್ಟು ಅಗ್ಗ ಆತು, ಬಟ್ಟಿ ಅಗ್ಗ ಆತು, ದಿನಗೂಲಿಯವನ ಕೈಗೆ ಬರೋ ದುಡ್ಡಿನ ಬೆಲೆನೂ 1900ರ ಹೊತ್ತಿಗೆ ಮೊದಲಿಗಿಂತ ಏರಿತ್ತು. ಇದು ಸುಳ್ಳಲ್ಲ. ನಮ್ಮ ಕಡೇನೂ ಹಂಗೇ. 1990ರ ದಶಕದಿಂದ ಗಿಣಿಗೇರಿ ಸುತ್ತ ಉಕ್ಕಿನ ಕಾರ್ಖಾನೆ ಎದ್ದವು, ಕೆಲಸ ಕೊಟ್ಟಾವು. ನನ್ನ ಅಕ್ಕನ ಮನಿ ಮಾಳಿಗಿ ಹೋಗಿ ಆರ್‌ಸಿಸಿ ಆದದ್ದು ಆ ಹುಡುಗನ ಪಗಾರದಿಂದಲೇ. ನಾನು ಫ್ಯಾಕ್ಟರಿ ಅಂದಕೂಡಲೇ ಕಲ್ಲು ತಗೊಳ್ಳೋ ಪೈಕಿ ಅಲ್ಲ.

ಈಗ ಎತ್ತಿನ ಮಾತಿಗೆ ಬರೋಣ. ಸಂತಿಗೆ ಹೋರಿ ಕೊಳ್ಳಾಕ ಹೋದರ ನಾವು ಏನು ನೋಡ್ತೀವಿ? ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಎಲ್ಲಕ್ಕಿಂತ ಎತ್ತರ ನೋಡ್ತೀವಿ. ಕರು ಇದ್ದಾಗ ಹಾಲು ಬಿಟ್ಟಿದ್ದರೋ, ಪೂರಾ ಹಿಂಡಿಕೊಂಡು ಒಣ ಕಣಿಕಿ ಹಾಕಿ ಬೆಳೆಸಿದ್ದರೋ ಅನ್ನೋದನ್ನ ಮೂರು ವರ್ಷದ ಹೋರಿಯ ಎತ್ತರ ಹೇಳ್ತೈತಿ. ಮಾರೋನು ಸುಳ್ಳು ಹೇಳಬಹುದು, ಎಲುಬು ಹೇಳೋದಿಲ್ಲ.

ಅಮೇರಿಕಾದ ಪಂಡಿತರೂ ಇದನ್ನೇ ಮಾಡ್ಯಾರ. ಸೈನ್ಯಕ್ಕ ಸೇರಿದವರ ಎತ್ತರ ಬರೆದಿಟ್ಟ ಹಳೆ ಪುಸ್ತಕ ತಗದು ನೋಡಿದರು. 1830ರ ಸುಮಾರಿಗೆ ಹುಟ್ಟಿದ ಗಂಡಸಿಗಿಂತ 1890ರ ಸುಮಾರಿಗೆ ಹುಟ್ಟಿದವ ಸುಮಾರು ಒಂದೂವರೆ ಇಂಚು ಗಿಡ್ಡ! ಕೇಳ್ರಿ ಇಲ್ಲಿ. ಮಿಲ್ಲು ಎದ್ದದ್ದು, ರೈಲು ಓಡಿದ್ದು, ಉಕ್ಕು ಹರಿದದ್ದು, ದೇಶದ ಆದಾಯ ನೆಗೆದದ್ದು ಆ 60 ವರ್ಷದೊಳಗೇ. ದೇಶ ಎತ್ತರ ಆಗೋ ಹೊತ್ತಿಗೆ ಮನುಷ್ಯ ಗಿಡ್ಡ ಆದ. ಸೈನ್ಯಕ್ಕ ಸೇರೋರು ಬಡವರೇ ಹೆಚ್ಚು, ಆ ಪಟ್ಟಿ ಪೂರಾ ನಂಬಬಾರದು ಅಂತ ತಕರಾರು ತೆಗೆಯೋರೂ ಅದಾರಂತ. ಇರಲಿ. ಆದರೆ ಊರು ಕಿಕ್ಕಿರಿದು, ನೀರು ಹೊಲಸಾಗಿ, ಕೂಸುಗಳು ಕಾಯಿಲೆ ಬಿದ್ದು ಬೆಳೆದವು ಅನ್ನೋದಕ್ಕೆ ಬೇರೆ ಸಾಕ್ಷಿನೂ ಬೇಕಾದಷ್ಟು ಅದಾವು. 1900ರ ಜನಗಣತಿಯಾಗ 10ರಿಂದ 15 ವರ್ಷದೊಳಗಿನ ಮಕ್ಕಳಾಗ ಹದಿನೇಳೂವರೆ ಲಕ್ಷ ಮಕ್ಕಳು ದುಡೀತಾ ಇದ್ದರು.

ಉಕ್ಕಿನ ಊರು ಪಿಟ್ಸ್‌ಬರ್ಗ್. ಬೀಗರಿಗೆ ಗೊತ್ತಿರಬೇಕು. ಅದರ ಪಕ್ಕದಾಗ ಹೋಮ್‌ಸ್ಟೆಡ್ ಅಂತ ಊರು, ಅಲ್ಲಿ ಕಾರ್ನೆಗಿ ಅನ್ನೋರ ಕಾರ್ಖಾನೆ. 1892ರಾಗ ಕೂಲಿ ಇಳಿಸ್ತೀವಿ ಅಂದರು, ಕಾರ್ಮಿಕರು ಒಪ್ಪಲಿಲ್ಲ, ಬಾಗಿಲು ಹಾಕಿದರು. ಜುಲೈ 6ಕ್ಕೆ ಬಾಡಿಗಿ ಬಂದೂಕಿನವರು, ಸುಮಾರು 300 ಮಂದಿ, ಹೊಳಿ ಮ್ಯಾಲೆ ದೋಣಿಯಾಗ ಬಂದರು. ಒಂದು ದಿನ ಗುಂಡು ಹಾರಿ ಎರಡೂ ಕಡೆ ಸೇರಿ ಸುಮಾರು ಹತ್ತು ಹೆಣ. ಆಮೇಲೆ ಸರಕಾರದ ಸೈನ್ಯ ಬಂತು, ಸಂಘ ಮುರೀತು. ಸಂಘ ಮುರಿದ ಮ್ಯಾಲೆ ಕುಲುಮಿ ಮುಂದ ದಿನಕ್ಕ 12 ತಾಸು ದುಡಿಮಿ ಗಟ್ಟಿಯಾಗಿ ಕುಂತಿತು. ಹಗಲು ಪಾಳಿಯವ ರಾತ್ರಿ ಪಾಳಿಗೆ ಬದಲಾಗೋ ದಿನ, ಅಂದರ ಹದಿನೈದು ದಿನಕ್ಕೊಮ್ಮೆ, ಒಂದೇ ಬಿಗಿ 24 ತಾಸು ನಿಲ್ಲಬೇಕು. 1901ರಾಗ ಕಾರ್ನೆಗಿ ತಮ್ಮ ಕಂಪನಿ ಮಾರಿದಾಗ ಬಂದ ರೊಕ್ಕ 48 ಕೋಟಿ ಡಾಲರ್. ಆ ರೊಕ್ಕದಾಗ ಜಗತ್ತಿನ ತುಂಬ ಎರಡೂವರೆ ಸಾವಿರ ಗ್ರಂಥಾಲಯ ಕಟ್ಟಿಸಿದರು, ಪುಣ್ಯಾತ್ಮ. 12 ತಾಸು ಕುಲುಮಿ ಮುಂದ ನಿಂತವ ಎಷ್ಟು ಗಂಟೆಗೆ ಹೋಗಿ ಪುಸ್ತಕ ಓದಬೇಕು ಅನ್ನೋದೊಂದು ಮರೆತರು ಅಂತ ಕಾಣ್ತೈತಿ.

ಆ 12 ತಾಸಿನ ಪಾಳಿ ಉಕ್ಕಿನ ಕಂಪನಿಯವರು ಬಿಡೋಕೆ ಶುರು ಮಾಡಿದ್ದು 1923ರ ಆಗಸ್ಟಿನ್ಯಾಗ. ಲೆಕ್ಕ ಹಾಕ್ರಿ. 1870ರಾಗ ಹುಟ್ಟಿ, ಹುಡುಗ ಇದ್ದಾಗಲೇ ಕಾರ್ಖಾನೆಗೆ ಸೇರಿದವಗ ಆವಾಗ 53 ವರ್ಷ. ನನಗೆ ಈಗ 54. ಇನ್ನು ಮುಂದ ನಿನಗ ಎಂಟು ತಾಸು, ಸುಖವಾಗಿರು ಅಂದರ ಯಾವ ಮೊಣಕಾಲು ಮ್ಯಾಲೆ ನಿಂತು ಸುಖವಾಗಿರಬೇಕು ಅಂವ?

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನಮ್ಮದು. 2023ರ ಫೆಬ್ರವರಿಯಾಗ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿತು. ದಿನಕ್ಕೆ ಒಂಬತ್ತು ತಾಸು ಇದ್ದದ್ದನ್ನ 12 ತಾಸಿನವರೆಗೂ ಒಯ್ಯಬಹುದು ಅಂತ ಬಾಗಿಲು ತೆಗೀತು. ವಾರಕ್ಕೆ 48 ತಾಸು ದಾಟಬಾರದು, ಕಾರ್ಮಿಕ ಬರೆದುಕೊಡಬೇಕು, ಅಂತೆಲ್ಲ ಷರತ್ತು ಐತಿ, ಇಲ್ಲ ಅನ್ನೋದಿಲ್ಲ. ಮೂರು ತಿಂಗಳಿಗೆ 75 ತಾಸು ಇದ್ದ ಓಟಿ ಮಿತಿ 144ಕ್ಕೆ ಏರಿತು. ಅಮೇರಿಕಾದ ಉಕ್ಕಿನವರು 12 ತಾಸು ಬಿಟ್ಟದ್ದು 1923. ಕರ್ನಾಟಕ 12 ತಾಸಿಗೆ ಬಾಗಿಲು ತೆಗೆದದ್ದು 2023. ಬರೋಬ್ಬರಿ ನೂರು ವರ್ಷ. ಅಮೇರಿಕಾ ಹೋದ ದಾರಿಯಾಗೇ ಹೊಂಟೀವಿ ಅಂತ ಬೀಗರು ಹೇಳಿದ್ದು ಖರೆನೇ, ಆದರೆ ಮುಖ ಯಾವ ಕಡಿಗೆ ಮಾಡಿ ಹೊಂಟೀವಿ ಅಂತ ನೋಡಬೇಕಲ್ಲ?

ನನ್ನ ಅಳಿಯನ ಪುಸ್ತಕದ ಲೆಕ್ಕ ಎಂಟು ತಾಸು. ಅಂವ ಬಾಗಿಲ ಒಳಗಿರೋದು 12. ಬರೆದುಕೊಟ್ಟೀ ಏನೋ ಅಂತ ಕೇಳಿದೆ. "ಮಾವಾ, ಸೇರುವಾಗ ಎಂಟತ್ತು ಕಾಗದಕ್ಕ ಸಹಿ ಹಾಕೀನಿ, ಯಾವುದ್ರಾಗ ಏನಿತ್ತೋ" ಅಂದ. ಕಂಪನಿಗೆ ಕೇಳಿದರ ಗುತ್ತಿಗೆದಾರನ್ನ ಕೇಳು ಅಂತಾರ, ಗುತ್ತಿಗೆದಾರ ಇವನ ಫೋನ್ ಎತ್ತೋದಿಲ್ಲ. ಪಿಎಫ್ ಕಟ್ಟ್ಯಾರೋ ಇಲ್ಲೋ ಅಂತ ನೋಡೋಕೆ ನಾನೇ ಅವನ ಮೊಬೈಲಿನ್ಯಾಗ ಅರ್ಧ ದಿನ ಕುಂತೆ. ನಾಲ್ಕು ತಿಂಗಳದ್ದು ಇಲ್ಲ.

ಇನ್ನು ನೀರಿನ ಮಾತು. ಇದನ್ನ ಸ್ವಲ್ಪ ನಿಂತು ಓದ್ರಿ, ಯಾಕಂದರ ನಮ್ಮ ತಾಲೂಕಿನ ಹಾಡು ಇದು.

1900ರ ಸುಮಾರಿಗೆ ಜಗತ್ತಿನ ಉಕ್ಕಿನ ರಾಜಧಾನಿ ಅನ್ನಿಸಿಕೊಂಡ ಪಿಟ್ಸ್‌ಬರ್ಗ್, ಅಮೇರಿಕಾದ ದೊಡ್ಡ ಊರುಗಳಾಗ ವಿಷಮಜ್ವರಕ್ಕೂ ಮೊದಲನೇ ನಂಬರು. ಕಾರಣ ಸರಳ. ಹೊಳಿಗೇ ಹೊಲಸು ಬಿಡೋದು, ಹೊಳಿ ನೀರೇ ಕುಡಿಯೋದು. ದುಡ್ಡಿದ್ದೋರು ಬಾಟಲಿ ನೀರು ತರಿಸ್ತಿದ್ದರು, ಕುಲುಮಿಯವರು ನಳದ ನೀರು ಕುಡಿದು ಸಾಯ್ತಿದ್ದರು. ಲಕ್ಷಾಧೀಶರಿಗೆ ಕೊರತೆ ಇರಲಿಲ್ಲ ಆ ಊರಾಗ, ಉಸುಕಿನ ಸೋಸುಗುಂಡಿಗೆ ಮಾತ್ರ ಕೊರತೆ. ವರ್ಷಾನುಗಟ್ಟಲೆ ಜಗಳಾಡಿ ಕಡೀಗೆ 1907-08ಕ್ಕೆ ನೀರು ಸೋಸಿ ಬಿಡೋಕೆ ಶುರು ಮಾಡಿದರು. ಜ್ವರ ಸರ್ರನೆ ಇಳೀತು. ಅಲ್ಲಿಯ ಬಡವನ ಆಯುಷ್ಯ ಉದ್ದ ಮಾಡಿದ್ದು ಚಿಮಣಿ ಅಲ್ಲ, ಉಸುಕಿನ ಗುಂಡಿ! ಮತ್ತ ಅದು ಚಿಮಣಿ ಎದ್ದು ಮೂವತ್ತು ವರ್ಷದ ಮ್ಯಾಲೆ ಬಂತು, ಪುರಸಭೆ ಖರ್ಚಿನ್ಯಾಗ ಬಂತು, ಕೇಳಿ ಕೇಳಿ ಬಂತು.

ಈಗ ನಮ್ಮದು ನೋಡ್ರಿ. ಯಲಬುರ್ಗಾ, ಕುಷ್ಟಗಿ ಭಾಗದ ಬೋರಿನ ನೀರಾಗ ಫ್ಲೋರೈಡ್ ಹೆಚ್ಚು ಅನ್ನೋದು ಇವತ್ತಿನ ಸುದ್ದಿ ಅಲ್ಲ. ನನ್ನ ವಾರಿಗಿಯವರ ಹಲ್ಲು ನೋಡ್ರಿ, ಕಂದು ಪಟ್ಟಿ. ನಗೋದಕ್ಕೆ ಬಾಯಿಗೆ ಕೈ ಅಡ್ಡ ಹಿಡಿಯೋ ಹೆಣ್ಣುಮಕ್ಕಳು ನಮ್ಮ ಕಡೆ ನಾಚಿಕಿಗೆ ಹಿಡಿಯೋದಿಲ್ಲ. ನನ್ನ ಮೊಣಕಾಲು 45ಕ್ಕೇ ಬಿಗಿದವು. 2002ರಾಗ ನಂಜುಂಡಪ್ಪನವರ ಸಮಿತಿ ವರದಿ ಕೊಟ್ಟು, ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿತು. ಅದರಾಗ ನಮ್ಮ ಯಲಬುರ್ಗಾನೂ ಐತಿ, ಕುಷ್ಟಗಿನೂ ಐತಿ. ಅದೇ ಜಿಲ್ಲೆಯಾಗ, ಅದೇ ವರ್ಷಗಳಾಗ, ಗಿಣಿಗೇರಿಯ ಕುಲುಮಿ ಹಗಲು ರಾತ್ರಿ ಉರೀತಾ ಇದ್ದವು. ಕುಲುಮಿ ಉರಿದರ ಜಿಲ್ಲೆ ತನ್ನಷ್ಟಕ್ಕ ತಾನೇ ಮ್ಯಾಲೇಳ್ತೈತಿ ಅನ್ನೋದಾಗಿದ್ದರ ಇಷ್ಟೊತ್ತಿಗೆ ನಮ್ಮ ನೀರು ಸಿಹಿ ಆಗಬೇಕಿತ್ತು. ಈಗಲೂ ನಾವು ಕ್ಯಾನು ಹಿಡಕೊಂಡು ಶುದ್ಧ ನೀರಿನ ಘಟಕದ ಮುಂದ ನಾಣ್ಯ ಹಾಕ್ತೀವಿ. ಅದೂ ಕೆಟ್ಟು ನಿಂತಾಗ ಬೋರಿನ ನೀರೇ ಗತಿ.

ಕರೆಂಟಿನದೂ ಇದೇ ಕಥಿ. ಅಮೇರಿಕಾದ ಪಟ್ಟಣದಾಗ ದೀಪ ಹತ್ತಿ ಐವತ್ತು ವರ್ಷ ಆದರೂ, 1930ರ ದಶಕದ ನಡುವ ಅಲ್ಲಿಯ ಹತ್ತು ಹೊಲಮನಿಯಾಗ ಒಂದಕ್ಕಷ್ಟೇ ಕರೆಂಟು ಇತ್ತಂತ. ಕಂಪನಿಯವರು ತಂತಿ ಎಳೆಯೋದು ಪುರಪೂರ್ತಿ ಆಗೋದಿಲ್ಲ ಅಂದರು. ಕಡೀಗೆ ಸರಕಾರ ಸಾಲ ಕೊಟ್ಟು, ರೈತರೇ ಸಹಕಾರ ಸಂಘ ಮಾಡಿಕೊಂಡು ಕಂಬ ನೆಟ್ಟರು. ಇದನ್ನ ಕೇಳುವಾಗ ನಾನು ಹೊಲದ ಬದುವಿನ ಮ್ಯಾಲೆ ಕುಂತಿದ್ದೆ. ಎದುರಿಗೆ ಗುಡ್ಡದ ಮ್ಯಾಲೆ ಗಾಳಿ ಫ್ಯಾನುಗಳ ಕೆಂಪು ದೀಪ ಮಿಣಿಮಿಣಿ. ನಮ್ಮ ಗಾಳಿಯಿಂದ ಕರೆಂಟು ತಗದು ಎಲ್ಲಿಗೋ ಒಯ್ತಾರ. ನನ್ನ ಮೋಟರಿಗೆ ತ್ರೀಫೇಸ್ ಬರೋದು ಊರೆಲ್ಲ ಮಲಗಿದ ಮ್ಯಾಲೆ. ಹಾವು ಇರ್ತಾವಂತ ಕೈಯಾಗ ಬ್ಯಾಟ್ರಿ ಹಿಡಕೊಂಡು ನೀರು ಹಾಯಿಸೋ ರೈತನಿಗೆ ಆ ಕೆಂಪು ದೀಪ ಎಷ್ಟು ಚಂದ ಕಾಣ್ತಾವು ಅಂತ ಹೇಳೋಕೆ ಬರೋದಿಲ್ಲ.

ನಡುವ ಒಂದು ಹಳೆ ಮಾತು. ನಮ್ಮ ಭಾಗಕ್ಕ ಅಮೇರಿಕಾ ಹೊಸದಲ್ಲ. 1840ರ ದಶಕದಾಗ ಇಂಗ್ಲಿಷರು ಅಮೇರಿಕಾದ ಹತ್ತಿ ಬೀಜ ತಂದು ಧಾರವಾಡ ಸೀಮಿಯ ಎರಿ ಹೊಲದಾಗ ಬಿತ್ತಿಸಿದರು. ಧಾರವಾಡ-ಅಮೇರಿಕನ್ ಅಂತನೇ ಅದಕ್ಕ ಹೆಸರು. 1861ಕ್ಕೆ ಅಲ್ಲಿ ಯುದ್ಧ ಹತ್ತಿ ಅವರ ಅರಳಿ ಇಂಗ್ಲೆಂಡಿಗೆ ಬರೋದು ನಿಂತಾಗ ನಮ್ಮ ಅರಳಿಗೆ ಬಂಗಾರದ ರೇಟು ಬಂತು. ಮಂದಿ ಜೋಳ ಬಿಟ್ಟು ಹತ್ತಿ ಬಿತ್ತಿದರು. 1865ಕ್ಕೆ ಯುದ್ಧ ಮುಗೀತು, ರೇಟು ನೆಲಕ್ಕ ಬಿತ್ತು. ಹನ್ನೊಂದು ವರ್ಷಕ್ಕ, 1876ರಾಗ, ದೊಡ್ಡ ಬರ ಬಂತು. ಆಗ ನಮ್ಮ ಯಲಬುರ್ಗಾ, ಕೊಪ್ಪಳ ನಿಜಾಮರ ರಾಜ್ಯದಾಗ ಸಾಲಾರ್ ಜಂಗರ ಜಹಗೀರು, ಗಡಿಯ ಆಚೆ ಧಾರವಾಡ ರಾಣಿ ಸರಕಾರದ್ದು. ಬರಕ್ಕೆ ಗಡಿ ಗೊತ್ತಿರಲಿಲ್ಲ. ಬರ ಮುಗಿದ ಮ್ಯಾಲೆ, 1880ರ ದಶಕದಾಗ ಗದಗಿನಿಂದ ಹೊಸಪೇಟಿಗೆ ನಮ್ಮ ಕೊಪ್ಪಳದ ಮ್ಯಾಲೆ ರೈಲು ಹಾಸಿದರು. ಹತ್ತಿ ಹೋಗೋ ಗಾಡಿ ಏರಿದ್ದು ಖರೆ. ಹತ್ತಿ ಬೆಳೆದವನ ಮನಿ ಏರಿತೇನು? ನಮ್ಮಜ್ಜನ ಮನಿಯಾಗ ಮಣ್ಣಿನ ಗ್ವಾಡಿ ನನ್ನ ಮದುವಿ ತನಕ ಹಂಗೇ ಇತ್ತು.

ಬೀಗರು ಹೇಳದೇ ಬಿಟ್ಟ ದೊಡ್ಡ ಸಂಗತಿ ಭೂಮಿದು. 1862ರಾಗ ಅಮೇರಿಕಾ ಒಂದು ಕಾಯ್ದೆ ಮಾಡಿ, ಐದು ವರ್ಷ ಉಳುಮಿ ಮಾಡಿಕೊಂಡು ಇರೋನಿಗೆ 160 ಎಕರೆ ಬಹುತೇಕ ಪುಕ್ಕಟೆ ಕೊಟ್ಟಿತು. ಮೂಲನಿವಾಸಿಗಳಿಂದ ಕಸಗೊಂಡ ಭೂಮಿ ಅದು, ಆ ಪಾಪ ಬೇರೆ ಲೆಕ್ಕ. ಕಾರ್ಖಾನೆಯಾಗ ಬ್ಯಾಸರ ಆದ ಎಲ್ಲರೂ ಹೋಗಲಿಲ್ಲ, ಆದರೆ ಪಶ್ಚಿಮಕ್ಕೆ ಭೂಮಿ ಐತಿ ಅನ್ನೋ ಒಂದು ಬಾಗಿಲು ಇತ್ತು. ನಮ್ಮ ಹುಡುಗರಿಗೆ ಯಾವ ಪಶ್ಚಿಮ ಐತಿ? ಮಂಗಳೂರಿಗೆ, ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗೋ ಬಸ್ಸು ಐತಿ. ನನ್ನದು ನಾಲ್ಕು ಎಕರೆ, ಅಕ್ಕನದು ಎರಡು. ಅವರ ತಡ್ಕೊಂಡ ತಲಿಮಾರಿನ ಬೆನ್ನಿಗೆ ಒಂದು ಖಂಡವೇ ಇತ್ತು. ನಮ್ಮ ತಡ್ಕೊಳ್ಳೋ ತಲಿಮಾರಿನ ಬೆನ್ನಿಗೆ ಇರೋದು ಇದೇ ಎರಡು ಎಕರೆ, ಅದರ ಮ್ಯಾಲೆನೇ ಚಿಮಣಿ ಬರಲಿ ಅಂತೀರಿ.

ಕಡೀಗೆ ಆ ಹೊಗಿ ಏನಾತು? 1948ರ ಅಕ್ಟೋಬರಿನ್ಯಾಗ ಪಿಟ್ಸ್‌ಬರ್ಗ್ ಹತ್ತಿರದ ಡೊನೋರಾ ಅನ್ನೋ ಊರಾಗ ಸತುವಿನ ಕಾರ್ಖಾನೆ, ಉಕ್ಕಿನ ಕಾರ್ಖಾನೆಯ ಹೊಗಿ ಮಂಜಿನ್ಯಾಗ ಸಿಕ್ಕಿ ಮ್ಯಾಲೆ ಏಳಲಿಲ್ಲ. ನಾಲ್ಕೈದು ದಿನದಾಗ 20 ಮಂದಿ ಸತ್ತರು, ಸಾವಿರಾರು ಮಂದಿ ಹಾಸಿಗಿ ಹಿಡಿದರು. 1970ರಾಗ ಗಟ್ಟಿ ಗಾಳಿ ಕಾಯ್ದೆ ಬಂತು. ಅದಕ್ಕೂ ಮೊದಲು, 1911ರಾಗ ನ್ಯೂಯಾರ್ಕಿನ ಅಂಗಿ ಹೊಲಿಯೋ ಕಾರ್ಖಾನೆಗೆ ಬೆಂಕಿ ಬಿದ್ದು, ಬಾಗಿಲಿಗೆ ಕೀಲಿ ಹಾಕಿದ್ದರಿಂದ 146 ಜನ, ಬಹಳಷ್ಟು ಸಣ್ಣ ವಯಸ್ಸಿನ ಹೆಣ್ಣುಮಕ್ಕಳು, ಸತ್ತರು. ಆ ಮ್ಯಾಲೆ ಬೆಂಕಿ ಕಾಯ್ದೆ. 1938ರಾಗ ದೇಶದ ಮಟ್ಟದಾಗ ಕನಿಷ್ಠ ಕೂಲಿ, ವಾರದ ತಾಸಿಗೆ ಮಿತಿ, ಮಕ್ಕಳ ದುಡಿಮಿಗೆ ತಡೆ. ಒಂದೊಂದು ಕಾಯ್ದೆ ಹಿಂದ ಒಂದೊಂದು ಹೆಣದ ಸಾಲು. ಯಾವ ಚಿಮಣಿನೂ ಇವನ್ನ ತಾನೇ ಕೊಡಲಿಲ್ಲ. ಈಗ ಬೀಗರ ಮಗ ಅಲ್ಲಿ ಎಂಟು ತಾಸು ದುಡಿದು, ನಳದ ನೀರು ಸೀದಾ ಕುಡಿದು, ಶನಿವಾರ ರಜಾ ತಗೊಂಡು ಇರ್ತಾನಲ್ಲ, ಅದು ಹೊಗಿ ಕುಡಿದವರು ಕೊಟ್ಟದ್ದಲ್ಲ, ಹೊಗಿ ಬ್ಯಾಡ ಅಂದವರು ಗಳಿಸಿಕೊಟ್ಟದ್ದು.

ಅದಕ್ಕೇ ಬೀಗರೇ, ಸಿಟ್ಟಾಗಬ್ಯಾಡ್ರಿ, ನನ್ನ ಕೇಳಿಕೆ ಇಷ್ಟು. ನೀವು ಅಮೇರಿಕಾ ತೋರಿಸ್ತೀರಿ ಅಂದರ 1890ರ ಅಮೇರಿಕಾ ಒಂದನ್ನೇ ತೋರಿಸಬ್ಯಾಡ್ರಿ. 1908ರ ಸೋಸಿದ ನೀರು ಮೊದಲು ಕೊಡಿಸ್ರಿ. 1923ರ ಎಂಟು ತಾಸು ಮೊದಲು ಕೊಡಿಸ್ರಿ. 1970ರ ಗಾಳಿ ಕಾಯ್ದೆ ಕಾಗದದ ಮ್ಯಾಲೆ ನಮ್ಮಲ್ಲೂ ಐತಿ, 1981ರದ್ದು. ಅದನ್ನ ಗಿಣಿಗೇರಿ, ಹಿರೇಬಗನಾಳ ಕಡೆ ಜೋಳದ ಎಲಿ ಮ್ಯಾಲೆ ಕೈ ಆಡಿಸಿದರ ಕಪ್ಪು ಹತ್ತದಂಗ ಜಾರಿ ಮಾಡಿಸ್ರಿ. ಇವೆಲ್ಲ ಹೆಂಗ ಮಾಡಬೇಕು ಅಂತ ಅವರು ನೂರು ವರ್ಷ ಹಿಂದೇ ಕಂಡುಹಿಡಿದು ಇಟ್ಟಾರ. ಬಿತ್ತೋ ಯಂತ್ರ ಸಿಕ್ಕ ಮ್ಯಾಲೆ ನಾನೇನು ಹಳೆ ಕೂರಿಗೇನೇ ಹಿಡೀತೀನಿ ಅಂತ ಹಟ ಮಾಡ್ತೀನೇನು? ಅವರ ಕುಲುಮಿ ಬೇಕು, ಅವರ ಕಾಯ್ದೆ ಬ್ಯಾಡ ಅಂದರ ಅದು ವ್ಯಾಪಾರ, ಅಭಿವೃದ್ಧಿ ಅಲ್ಲ. ಇಷ್ಟು ಮಾಡಿದ ಮ್ಯಾಲೆ ಇನ್ನೊಂದು ಚಿಮಣಿಯ ಮಾತು ತಗೊಂಡು ಬರ್ರಿ, ನಾನೇ ಚಾ ಹಾಕಿಸ್ತೀನಿ. ಕೊಪ್ಪಳ ಊರ ಮಗ್ಗುಲಿಗೆ ಮಾತ್ರ ಬ್ಯಾಡ, ಆ ಮಾತು ಆಗ್ಯದ.

ಇದನ್ನ ಬರೆದು ಮಗಳಿಗೆ ಕಳಿಸಿದೆ. "ಅಪ್ಪಾಜಿ, ಬೀಗರು ಓದಿದರ ಏನಂತಾರ" ಅಂದಳು. ಓದಲಿ ಅಂತನೇ ಬರೆದದ್ದು. ಅಳಿಯಗೂ ಕಳಿಸೀನಿ, ಅಂವ ಇನ್ನೂ ನೋಡಿಲ್ಲ, ಪಾಳಿಯಾಗ ಇರಬೇಕು. ಪಿಎಫ್ ಕಚೇರಿಗೆ ಹೋಗೋಕೆ ಸೋಮವಾರ ಒಂದು ದಿನ ರಜಾ ಕೇಳು ಅಂದೀನಿ, ಪಗಾರ ಹಿಡೀತಾರ ಅಂತ ಅನುಮಾನ ಮಾಡ್ತಾನ. ಆ ದಿನದ ಪಗಾರ ನಾ ಕೊಡ್ತೀನಿ ಬಾರಪ್ಪ ಅಂತ ಹೇಳೀನಿ. ಉಳ್ಳಾಗಡ್ಡಿ ಗೊಬ್ಬರದ್ದು ನಾಳಿದ್ದು ಬರೀತೀನಿ, ಇವತ್ತು ಹತ್ತಕ್ಕ ತ್ರೀಫೇಸ್ ಐತಿ.